ಧುಪದಾಳದಿಂದ ಬಂದರು ಕಾಯುವವಳು

ಹೆಂಡತಿಯನ್ನು ಹೊಗಳುವ ಗಂಡಸನ್ನು ಜನ ಅಷ್ಟಾಗಿ ನಂಬುವುದಿಲ್ಲ. ಏನೋ ತಪ್ಪು ಮಾಡಿಕೊಂಡಿರಬೇಕು ಎನ್ನುತ್ತಾರೆ. ಆದರೂ ನಾನು ಹೊಗಳುವವನೇ. ನನ್ನ ಹೆಂಡತಿ ಗಿರಿಜಾ ಕರಾವಳಿಯ ಒಂದು ಬಂದರಿನ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುತ್ತಾಳೆ. ಅದೂ ಧುಪದಾಳದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕುಳಿತು. ಕಿಟಕಿಯಿಂದ ಕಾಣುವ ನೀರೆಂದರೆ ಘಟಪ್ರಭೆಯ ಒಡ್ಡಿನದು. ಅದರಲ್ಲಿ ಹಡಗಿರಲಿ, ಎಮ್ಮೆ ತೇಲಿದರೇ ಹೆಚ್ಚು. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ನನ್ನ ಸೀಟಿಗೆ ಇಡೀ ಶಾಲೆ ಸಾಲಾಗಿ ನಿಲ್ಲುತ್ತದೆ. ಮನೆಯಲ್ಲಿ ಮಾತ್ರ ನನ್ನ ಪೆನ್ ಡ್ರೈವ್ ಅವಳ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ವೈಫೈ ಪಾಸ್‌ವರ್ಡ್ ಆಗಾಗ ಬದಲಾಗುತ್ತದೆ. ಅದನ್ನು ಕೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಮಮದಾಪುರದ ನಮ್ಮ ಕಾಕಾ ಇದನ್ನು ಕಂಡು, "ಏನೋ, ನಿನ್ನ ಮನ್ಯಾಗ ನೀನ ಪರವಾನಿಗಿ ತಗೊಂಡು ಅಡ್ಯಾಡತಿಯೇನು?" ಎಂದು ನಕ್ಕಿದ್ದರು.

ಅದೇ ಕಾಕಾ ಊಟಕ್ಕೆ ಬಂದಿದ್ದ ಒಂದು ಭಾನುವಾರ, ರೊಟ್ಟಿ ಮುರಿಯುತ್ತಿದ್ದ ಹೊತ್ತಿಗೆ ಗಿರಿಜಾಳ ಫೋನು ಹೊಡೆದುಕೊಂಡಿತು. ಬಂದರಿನಲ್ಲಿ ಯಾರೋ ಹಡಗಿನ ಕ್ಯಾಪ್ಟನ್ ಹೆಸರಲ್ಲಿ ಬಂದ ಈಮೇಲ್ ತೆರೆದಿದ್ದರು. ಕಳುಹಿಸಿದ್ದು ಕ್ಯಾಪ್ಟನ್ ಅಲ್ಲ, ಕಳ್ಳರು. ಕಚೇರಿಯ ಕಂಪ್ಯೂಟರುಗಳು ಒಂದೊಂದಾಗಿ ಬೀಗ ಹಾಕಿಕೊಳ್ಳತೊಡಗಿದ್ದವು. ಆಗಲೇ ಕ್ರೇನೊಂದು ಹಡಗಿನಿಂದ ಕಂಟೇನರ್ ಎತ್ತುತ್ತಿತ್ತು, ಕೆಳಗೆ ಕೆಲಸಗಾರರು. ಆ ಬೀಗ ಕ್ರೇನಿಗೂ ಬಿದ್ದರೆ?

"ಮಂದಿನ್ನ ಹೊರಗ ಕಳಸ್ರಿ, ಎತ್ತಿದ್ದನ್ನ ಕೆಳಗ ಇಡಸ್ರಿ, ಆಮ್ಯಾಲ ನೆಟ್‌ವರ್ಕಿನ ವೈರ್ ಕಿತ್ತು ಒಗೀರಿ," ಎಂದಳು ಗಿರಿಜಾ.

ಆ ಕಡೆಯ ಅಧಿಕಾರಿ ತಡವರಿಸಿದರು. ಇಡೀ ಬಂದರು ನಿಲ್ಲುತ್ತದೆ, ಮೇಲಿನವರ ಅಪ್ಪಣೆ ಬೇಕು, ಅವರು ಫೋನ್ ಎತ್ತುತ್ತಿಲ್ಲ.

"ಗಿರಿಜಾ ನಿಲ್ಲಸಂದ್ಲು ಅಂತ ಹೇಳ್ರಿ. ನೌಕರಿ ಹೋದ್ರ ನಂದು ಹೋಗಲಿ. ಈಗ ವೈರ್ ಕೀಳ್ರಿ!"

ಎಂಥ ದನಿ! ನಾನು ಕುಳಿತಲ್ಲೇ ನೆಟ್ಟಗಾದೆ. ಕಾಕಾ ಯಾಕೋ ಎರಡೂ ಕೈ ತಟ್ಟೆಯಿಂದ ಮೇಲೆತ್ತಿಬಿಟ್ಟರು.

ಬಂದರು ನಿಂತಿತು. ಅವಳು ಮಾಳಿಗೆ ಹತ್ತಿದವಳು ಸಂಜೆಗೆ ಇಳಿದು ಬಂದಳು. "ಕ್ರೇನಿಗೆ ಮುಟ್ಟಿಲ್ರಿ. ಕಾಪಿ ತಗದಿಟ್ಟಿದ್ದು ಐತಿ, ಅದರಿಂದ ಮತ್ತ ಚಾಲೂ ಮಾಡಾಕತ್ತೇವಿ." ಮೇಲಿನವರು ಬೈಯಲಿಲ್ಲ, ತಾವೇ ಫೋನ್ ಮಾಡಿ ಧನ್ಯವಾದ ಹೇಳಿದರು. ನಾನು ಚಹಾ ಮಾಡಿಕೊಟ್ಟೆ. ಕಾಕಾ, "ನಮ್ಮ ಮನಿತನದಾಗ ಸಮುದ್ರ ನೋಡಿದವರ ಯಾರೂ ಇಲ್ಲ. ನೀ ಅಲ್ಲಿ ಮಂದಿ ಜೀವ ಉಳಿಸಿದಿ, ನಮ್ಮವ್ವ," ಎಂದು ಕಣ್ಣೊರೆಸಿಕೊಂಡರು.

ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಮತ್ತೆ ಕೆಲಸಕ್ಕೆ ಕುಳಿತ ಅವಳ ಫೋಟೋವನ್ನು ಬಾಗಿಲಲ್ಲೇ ನಿಂತು ತೆಗೆದು, "ಬಂದರ ಉಳಿಸಿದಾಕಿ" ಎಂದು ಬರೆದು ಬೀಗರ ವಾಟ್ಸಪ್ ಗುಂಪಿಗೆ ಹಾಕಿದೆ. ಹುಕ್ಕೇರಿಯಿಂದ ಮೂಡಲಗಿವರೆಗೆ ಶಹಭಾಸ್‌ಗಿರಿ ಬರುತ್ತದೆಂದು ಕಾದೆ. ಅದಕ್ಕಿಂತ ಮೊದಲು ಗಿರಿಜಾ ತಿರುಗಿ, ತನ್ನ ಫೋನಿನಲ್ಲಿ ಆ ಫೋಟೋ ದೊಡ್ಡದು ಮಾಡಿ ತೋರಿಸಿದಳು. ಅವಳ ಹೆಗಲಾಚೆಯ ಪರದೆಯಲ್ಲಿ ಬಂದರಿನ ಕಂಪ್ಯೂಟರುಗಳ ಹೆಸರುಗಳೆಲ್ಲ ನಿಚ್ಚಳವಾಗಿ ಓದುವಂತಿದ್ದವು.

"ಕಳ್ಳರು ದಿನಪೂರ್ತಿ ಬಡದಾಡಿದ್ರೂ ಇಷ್ಟು ಸಿಕ್ಕಿರಲಿಲ್ರಿ," ಎಂದಳು ಮೆಲ್ಲಗೆ. "ನೀವು ಪುಗಸಟ್ಟೆ ಹಂಚಾಕತ್ತೀರಿ."

ಗಡಬಡಿಸಿ ಅಳಿಸಿದೆ. ಅಷ್ಟರಲ್ಲಿ ಫೋಟೋ ನೋಡಿದ್ದು ಬೆಲ್ಲದ ಬಾಗೇವಾಡಿಯ ನಮ್ಮತ್ತೆ, ಗಿರಿಜಾಳ ತಾಯಿ, ಒಬ್ಬರೇ. ಅವರಿಗೆ ಪರದೆ ಕಾಣಲೇ ಇಲ್ಲ. ತಕ್ಷಣ ನನಗೇ ಫೋನ್ ಹಚ್ಚಿ, "ಹುಡುಗಿ ಎಷ್ಟ್ ಸೊರಗ್ಯಾಳಲ್ರಿ! ಊಟಕ್ಕರ ಹಾಕ್ತೀರೋ ಇಲ್ಲೋ?" ಎಂದು ವಿಚಾರಣೆ ಶುರು ಮಾಡಿದರು.