ಎಲೆಗಳ ಚಾಡಿ

"ನೋಡ್ತಿರು, ಈ ಸಲ ನನ್ನ ಸಾಲು ನಿನ್ನ ಸಾಲಿಗೆ ಮಣ್ಣು ಮುಕ್ಕಿಸುತ್ತೆ!" ಎಂದು ಎವರಿಸ್ತೊ ಹೆಂಡತಿ ನೆಲಿದಾಳೆದುರು ಎದೆ ತಟ್ಟಿಕೊಂಡಿದ್ದ. ಲಾ ಪ್ಲಾತಾ ಊರಾಚೆಯ ಅವರ ಪ್ಲಾಸ್ಟಿಕ್ ಹಸಿರುಮನೆಯಲ್ಲಿ ಹತ್ತು ಸಾಲು ಟೊಮೆಟೊ. ಎಡಗಡೆಯ ಐದು ಅವಳದು, ಬಲಗಡೆಯ ಐದು ಅವನದು. ದಾರ ಕಟ್ಟುವುದು, ಕುಡಿ ಚಿವುಟುವುದು ಅವರವರ ಕೈಯಿಂದಲೇ. ಬೊಲಿವಿಯಾದಿಂದ ಇಲ್ಲಿಗೆ ಬಂದಂದಿನಿಂದ ಇದೇ ಪದ್ಧತಿ.

ಇನ್ನೊಂದು ಶಪಥವೂ ಇತ್ತು. ಹೋದ ಚಳಿಗಾಲ ಕೆಮ್ಮಿ ಕೆಮ್ಮಿ ಆಸ್ಪತ್ರೆ ಸೇರಿ ಬಂದವನು, ಕೊಪಾಕಬಾನಾ ಮಾತೆಯ ಪಟದ ಮುಂದೆ ನೆಲಿದಾಳ ಕೈ ಹಿಡಿದು, "ಇನ್ನು ತಂಬಾಕು ಮುಟ್ಟಿದರೆ ಈ ಕೈ ಬಿದ್ದುಹೋಗಲಿ" ಎಂದಿದ್ದ. ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆ ಅಳು ನೆನಪಾದಾಗಲೆಲ್ಲ ಅವನ ಕರುಳು ಹಿಂಡುತ್ತಿತ್ತು. ಹಿಂಡಿದಾಗಲೆಲ್ಲ ಒಂದು ಸಿಗರೇಟು ಬೇಕೇ ಬೇಕೆನಿಸುತ್ತಿತ್ತು! ಹಸಿರುಮನೆಯ ಬಲಮೂಲೆಯಲ್ಲಿ ಕದ್ದು ಕೂತು ತಂಬಾಕು ಸುತ್ತಿ, ಸೇದಿ, ಅದೇ ಕೈಯಲ್ಲಿ ಕುಡಿ ಚಿವುಟುತ್ತಿದ್ದ.

ಮೇ ಬಂತು, ಕೊನೆಯ ಕೊಯ್ಲು. ಬಲಗಡೆಯ ಎಲೆಗಳೆಲ್ಲ ಹಳದಿ ಮಚ್ಚೆಯೆದ್ದು ಮುರುಟಿಕೊಂಡವು. ಎಡಗಡೆ ನಳನಳಿಸುತ್ತಿತ್ತು.

"ನಿನ್ನ ದೃಷ್ಟಿ ತಾಗಿದೆ ಕಣೇ!"

"ಅಯ್ಯೋ, ನಿಮ್ಮನ್ನ ನೋಡಿಕೊಳ್ಳೋಕೇ ಎರಡು ಕಣ್ಣು ಸಾಲದು, ಇನ್ನು ಗಿಡಕ್ಕೆ ಬೇರೆ!" ಎಂದಳು ನೆಲಿದಾ.

ಸಹಕಾರ ಸಂಘದ ಗಿಡವೈದ್ಯೆ ಗ್ರಾಸಿಯೇಲಾ ಬಂದು ಎಲೆಯೊಂದನ್ನು ಬೆಳಕಿಗೆ ಹಿಡಿದಳು.

"ಇದು ತಂಬಾಕಿನ ವೈರಸ್ಸು. ಸಿಗರೇಟು ಸುತ್ತೋರ ಕೈಯಿಂದ ಗಿಡಕ್ಕೆ ಬರುತ್ತೆ. ಈ ಸಾಲು ಯಾರದ್ದು?"

ಎವರಿಸ್ತೊ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ನೆಲಿದಾ ಕಾಲಿನಿಂದ ಮೂಲೆಯ ಮಣ್ಣು ಕೆದಕಿದಳು. ಸೇದಿದ ಸಿಗರೇಟಿನ ತುಂಡೊಂದು ಮೇಲೆ ಬಂತು.

"ಅದು... ಅದು ಭೂತಾಯಿಗೆ ಕಣೇ! ನಮ್ಮೋರು ಅವಳಿಗೆ ಸಿಗರೇಟು ಹಚ್ಚಿಡಲ್ವಾ?"

"ಇಡ್ತೀವಿ, ಆಗಸ್ಟ್ ತಿಂಗಳ ಪೂಜೆಯಲ್ಲಿ." ಅವಳು ಇನ್ನಷ್ಟು ಕೆದಕಿದಳು. ತುಂಡುಗಳು ರಾಶಿಯಾದವು. "ಕುಡಿ ಚಿವುಟಿದ್ದೂ ಆ ತಾಯೀನೇನಾ?"

ಗ್ರಾಸಿಯೇಲಾ ನಗು ನುಂಗಿಕೊಂಡು ಹೇಳಿದಳು: "ಈ ಐದೂ ಸಾಲು ಕಿತ್ತುಬಿಡಿ. ಎಡಗಡೆ ಸಾಲು ಮುಟ್ಟೋ ಮೊದಲು ಹಾಲಿನಲ್ಲಿ ಕೈ ತೊಳೀಬೇಕು, ಹಾಲಿನ ಮುಂದೆ ಈ ವೈರಸ್ಸಿನ ಆಟ ನಡೆಯೋಲ್ಲ. ಮರೀಬೇಡಿ!"

ಎವರಿಸ್ತೊ ತಲೆ ತಗ್ಗಿಸಿ ಇಡೀ ದಿನ ಗಿಡ ಕಿತ್ತ. ನೆಲಿದಾ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತನ್ನ ಸಾಲಿನ ಹಣ್ಣು ಕೊಯ್ಯುತ್ತಲೇ ಇದ್ದಳು. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸಂಜೆ ಅವಳು ಎಂದಿನಂತೆ ಮಾಟೆ ಕಷಾಯ ಕಾಯಿಸಿದಳು. ಸದ್ಯ, ಕ್ಷಮಿಸಿದಳು! ಎವರಿಸ್ತೊ ಮೆಲ್ಲಗೆ ಅವಳ ಭುಜದ ಮೇಲೆ ಕೈಯಿಡಲು ಹೋದ.

ನೆಲಿದಾ ಸರಕ್ಕನೆ ಹಿಂದೆ ಸರಿದು, ಹಾಲಿನ ಬಟ್ಟಲನ್ನು ಅವನ ಮುಂದೆ ತಳ್ಳಿದಳು.

"ಮೊದಲು ಕೈ ತೊಳ್ಕೊಳ್ಳಿ. ನಾನೂ ಎಡಗಡೆ ಸಾಲಿನವಳೇ."