ಹಾಲಿನ ಪೊಟ್ಟಣದ ಮೇಲೆ ನಗುವ ಹಸುವಿಗೆ, ಪಾರ್ಲರಿನ ಹಿಂದಿನ ಕೋಣೆಯಿಂದ

ಮಾನ್ಯರೇ,

ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡು, ಫ್ರಿಜ್ಜಿನ ಚಳಿಯಲ್ಲೂ ನಗುಮುಖ ಕೆಡಿಸಿಕೊಳ್ಳದೆ ನಿಂತಿರುವ ತಮಗೆ, ಬ್ಯೂಟಿ ಪಾರ್ಲರಿನಲ್ಲಿ ಊರವರ ಮುಖ ತಿಕ್ಕಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವೂ ತಮ್ಮ ಕರುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಈ ಪತ್ರ.

ತಮ್ಮ ಮೈಮೇಲಿನ ಕಪ್ಪು ಮಚ್ಚೆಗಳನ್ನು ಕಂಡು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಎಷ್ಟು ಚೆಂದ ಎನ್ನುತ್ತಾರೆ. ನನ್ನ ಕೆನ್ನೆಯ ಕೆಂಪು ಮೊಡವೆಗಳಿಗೆ ಆ ಭಾಗ್ಯವಿಲ್ಲ. 'ನಿನ್ನ ಮುಖಾನೇ ಹೀಗಿದೆ, ನನ್ನದನ್ನೇನು ಸರಿ ಮಾಡ್ತೀಯಮ್ಮಾ?' ಎಂದು ಗಿರಾಕಿಯೊಬ್ಬರು ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಕೇಳಿದ ದಿನ, ನಮ್ಮ ಮಾಲೀಕಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನನ್ನನ್ನು ಬೀದಿಗೆ ಕಾಣುವ ಮುಂದಿನ ಕುರ್ಚಿಯ ಕೆಲಸದಿಂದ ಬಿಡಿಸಿ, ಹಿಂದಿನ ಕೋಣೆಯಲ್ಲಿ ತಲೆ ತೊಳೆಯಲು ಕಳಿಸಿದರು. ಅಲ್ಲಿ ಮಲಗಿದವರೆಲ್ಲ ಕಣ್ಣು ಮುಚ್ಚಿಕೊಂಡಿರುತ್ತಾರೆ ನೋಡಿ. 'ಮೊದ್ಲು ಮುಖ ಸರಿಹೋಗ್ಲಿ, ಕುರ್ಚಿ ಎಲ್ಲಿಗೂ ಓಡಿಹೋಗಲ್ಲ' ಎಂದರು. ಆ ಕುರ್ಚಿಗಾಗಿ ನಾನು ವರ್ಷಗಟ್ಟಲೆ ನೆಲದ ಕೂದಲು ಗುಡಿಸಿದ್ದೆ, ಮಾನ್ಯರೇ. ಅತ್ತುಬಿಟ್ಟೆ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಚರ್ಮದ ಡಾಕ್ಟರು ನನ್ನ ಮುಖವನ್ನು ದೀಪದ ಕೆಳಗೆ ಹಿಡಿದು, 'ಕೆಲವರಿಗೆ ಹಾಲು ಆಗಿಬರಲ್ಲ, ಸ್ವಲ್ಪ ದಿನ ಬಿಟ್ಟು ನೋಡಿ. ಹಾಲು ಅಂದ್ರೆ ಹಾಲಿನಿಂದ ಆಗಿದ್ದೆಲ್ಲ' ಎಂದರು. ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಅತ್ತೆಯವರು, ಯಾರೋ ತೀರಿಕೊಂಡ ಸುದ್ದಿ ಕೇಳಿದಂತೆ ಸೆರಗು ಬಾಯಿಗಿಟ್ಟುಕೊಂಡರು. ಅಂದಿನಿಂದ ಅವರ ಶಾಸ್ತ್ರದಲ್ಲಿ ಹಾಲು ಎಂಬ ಪದಾರ್ಥವೇ ಇಲ್ಲವಾಯಿತು. ಚಹಾದೊಳಗಿನ ಹಾಲು ಹಾಲಲ್ಲ, ಏಕೆಂದರೆ ಅದು ಚಹಾ. ಮೊಸರು ಹಾಲಲ್ಲ, ಏಕೆಂದರೆ ಅದು ಆಗಲೇ ಹೆಪ್ಪುಗಟ್ಟಿದೆ. ಬೆಣ್ಣೆಯಂತೂ ಬ್ರೆಡ್ಡಿನ ಸಂಬಂಧಿ. 'ಒಂದು ತೊಟ್ಟು ಹಾಕಿದ್ರೆ ಅದೇನು ಹಾಲೇನೇ? ಬಣ್ಣಕ್ಕೆ ಕಣೇ!' ಎಂದು ಪ್ರೀತಿಯಿಂದ ಲೋಟ ಮುಂದಿಡುವ ಆ ಜೀವದೊಡನೆ ಜಗಳವಾಡಿ, ಮುನಿಸಿಕೊಂಡು, ಕಡೆಗೆ ಕರಿ ಚಹಾವನ್ನು ಮುಖ ಸಿಂಡರಿಸದೆ ಕುಡಿಯುವುದನ್ನು ಕಲಿತೆ. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಇರುವೆಯಂಥ ಅಕ್ಷರಗಳನ್ನೂ ಓದಿದೆ. ಅಲ್ಲೂ ತಾವೇ ಇದ್ದಿರಿ.

ಇಷ್ಟಾದರೂ ಮೊಡವೆಗಳು ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಗುಮಾನಿಯಿಂದ 'ಕದ್ದು ತಿಂತಿಲ್ಲ ತಾನೇ?' ಎಂದರು. ಮೈಯೆಲ್ಲ ಉರಿಯಿತು. ಮರುದಿನ ಲೇಪದ ಬಟ್ಟಲಿನಲ್ಲಿ ಬೆರಳದ್ದಿ ನಾಲಿಗೆಗಿಟ್ಟುಕೊಂಡಾಗಲೇ ನನ್ನ ಬುದ್ಧಿಗೆ ಬೆಳಕು ಬಿದ್ದದ್ದು. ಅಯ್ಯೋ ನನ್ನ ಕರ್ಮವೇ! ಮುಖಕ್ಕೂ ತಲೆಗೂ ಹಚ್ಚುವ ನಮ್ಮ ಪಾರ್ಲರಿನ ಹೆಸರುವಾಸಿ ಲೇಪವೆಂದರೆ ತಮ್ಮದೇ ಕೆನೆ. ಕೂದಲಿನ ಬಣ್ಣ, ಸ್ಪ್ರೇಗಳ ನಡುವೆ ನಮ್ಮ ಮೂಗು ಸತ್ತು ಎಷ್ಟೋ ಕಾಲವಾಗಿದೆ. ಕೆನೆ ಹುಳಿಯಾಗಿದೆಯೋ ಇಲ್ಲವೋ ಎಂದು ಪ್ರತಿ ಗಿರಾಕಿಗೂ ಮೊದಲು ನಾಲಿಗೆಯಲ್ಲೇ ನೋಡುವುದು ನಮ್ಮ ಕಸುಬಿನ ಅಭ್ಯಾಸ. ಮನೆಯಲ್ಲಿ ಒಂದು ತೊಟ್ಟಿಗೆ ಅತ್ತೆಯ ಮೇಲೆ ಹರಿಹಾಯ್ದವಳು, ಇಲ್ಲಿ ದಿನವಿಡೀ ಚಪ್ಪರಿಸುತ್ತಿದ್ದೆ.

ನಾಲಿಗೆಗೆ ಬೀಗ ಹಾಕಿದೆ. ಮುಖ ಮೆಲ್ಲಗೆ ತಿಳಿಯಾಯಿತು. ಮಾಲೀಕಿ ಗಲ್ಲ ಹಿಡಿದು ತಿರುಗಿಸಿ ನೋಡಿ, ಮುಂದಿನ ಕುರ್ಚಿಯ ಕೆಲಸ ನನಗೇ ಮರಳಿಸಿದರು. ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ಬರೆಯುವ ಹಕ್ಕನ್ನೂ ಕಳೆದುಕೊಂಡಿದ್ದೇನೆ, ಆದರೆ ಆಯಿತು. ಅಂದೇ ಮೊದಲ ಗಿರಾಕಿಯಾಗಿ ಬಂದವರು, ಇಡೀ ಬೀದಿ ಹೆದರುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ರುಚಿ ನೋಡದೆ ಹಚ್ಚಿದೆ. ಕ್ಷಣದಲ್ಲೇ ಅವರು, 'ಏನೇ ಇದು? ನನ್ನ ಮುಖಾನೇ ಮೊಸರಾಗ್ತಿದೆಯಲ್ಲ!' ಎಂದು ಎದ್ದು ನಿಂತರು. ಬೀದಿಯಲ್ಲಿ ಹೋಗುವವರೂ ನಿಂತರು.

ಮಾಲೀಕಿಯವರ ತೀರ್ಪು ಹೀಗಿದೆ: 'ನೀನು ಹಿಂದೇನೇ ಇದ್ದು ಎಲ್ಲರ ಬಟ್ಟಲೂ ರುಚಿ ನೋಡಿ ಕಳ್ಸು. ಅಲ್ಲಿ ಮುಖ ಹೇಗಿದ್ರೇನು?' ಬಟ್ಟಲು ಮುಟ್ಟುವುದಿಲ್ಲ ಎಂದೆ. ಹಾಗಾದರೆ ತಲೆ ತೊಳಿ ಎಂದರು.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟೇ. ಒಳಗಿನ ಕೆನೆ ಹುಳಿಯಾದ ದಿನ ತಾವು ಪೊಟ್ಟಣದ ಮೇಲೆ ನಗುವುದನ್ನು ದಯಮಾಡಿ ನಿಲ್ಲಿಸಬೇಕು. ಅಷ್ಟು ಕಷ್ಟವಾದರೆ ಒಂದು ಕಿವಿಯನ್ನಾದರೂ ಜೋಲು ಬಿಡಬೇಕು. ಹೂ ಬಿದ್ದರೆ ನಾನೇ ಎತ್ತಿಕೊಡುತ್ತೇನೆ.

ಹಾಲು ಬಿಟ್ಟರೂ ತಮ್ಮ ಮೇಲಿನ ಗೌರವ ಬಿಡದ,
ತಮ್ಮ ವಿಶ್ವಾಸಿ,
ತಲೆ ತೊಳೆಯುವವಳು

ಮರೆತಿದ್ದ ಮಾತು: ನನಗೆ ಊಟದ ಡಬ್ಬಿ ಕೊಡಲು ಬಂದ ಅತ್ತೆಯವರು ಸಂಗತಿ ತಿಳಿದು, 'ಇಷ್ಟೇನಾ? ಕೊಡಿ ಇಲ್ಲಿ' ಎಂದು ಎಲ್ಲ ಬಟ್ಟಲುಗಳ ರುಚಿ ನೋಡಿದರು; ಈಗ ದಿನಾ ಬರುತ್ತಾರೆ. ತಮ್ಮ ಕೆನೆ ಅವರಿಗೆ ಎಷ್ಟು ಒಗ್ಗಿದೆಯೆಂದರೆ ಮುಖದಲ್ಲಿ ಒಂದು ಮೊಡವೆಯೂ ಇಲ್ಲ. ಅವರನ್ನು ಮುಂದಿನ ಕುರ್ಚಿಯಲ್ಲೇ ಕೂರಿಸಿ, 'ನೋಡಿ, ಬರೀ ಹಾಲು!' ಎಂದು ಮಾಲೀಕಿ ಗಿರಾಕಿಗಳಿಗೆ ತೋರಿಸುತ್ತಿದ್ದಾರೆ. ಹಾಲು ಬಿಟ್ಟು ಬೆಳಗಿದ ಇನ್ನೊಂದು ಮುಖ ಹಿಂದಿನ ಕೋಣೆಯಲ್ಲಿದೆ. ಅಲ್ಲಿ ಎಲ್ಲರೂ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಾರೆ.