ಹುಣಸೆಮರದ ಕೆಳಗಿನ ಪಾತ್ರೆ ಅಂಗಡಿ

ಬುದ್ಧಿವಂತಿಕೆ ಒಂದು ಅಳತೆ ಮೀರಿದರೆ ಮನುಷ್ಯನಿಗೆ ಗಿರಾಕಿಗಳು ಸಿಕ್ಕುವುದಿಲ್ಲ. ಇದು ನನ್ನ ಸ್ವಂತ ಅನುಭವ. ಎರಡನೆಯ ಮಹಾಯುದ್ಧ ಮುಗಿದು ಹಿತ್ತಾಳೆ ಮತ್ತೆ ಕಣ್ಣಿಗೆ ಬೀಳತೊಡಗಿದ ಕಾಲದಲ್ಲಿ ನಾನು ಹೊಸಕೋಟೆಯಲ್ಲಿ ಪಾತ್ರೆ ಅಂಗಡಿ ತೆರೆದೆ. ಪೇಟೆ ಬೀದಿಯಲ್ಲಿ ಆಗಲೇ ಎರಡು ಪಾತ್ರೆ ಅಂಗಡಿಗಳು ಹತ್ತಿರ ಹತ್ತಿರವೇ ಇದ್ದವು. ಒಬ್ಬರ ಅನ್ನಕ್ಕೆ ಒಬ್ಬರು ಕೈಹಾಕುತ್ತ ಕೂತಿರುವ ಇವರಿಗೆ ತಲೆಯಿಲ್ಲವೆಂದು ತೀರ್ಮಾನಿಸಿ, ನಾನು ಊರಿನ ಇನ್ನೊಂದು ತುದಿಯಲ್ಲಿ, ಹಳ್ಳಿಯ ಗಾಡಿಗಳು ಬರುವ ದಾರಿಯಲ್ಲೇ, ಹುಣಸೆಮರದ ಕೆಳಗೆ ಮಳಿಗೆ ಹಿಡಿದೆ. ನೆರಳಿತ್ತು, ಎತ್ತುಗಳಿಗೆ ನೀರಿನ ತೊಟ್ಟಿಯಿತ್ತು, ಪೈಪೋಟಿ ಮಾತ್ರ ಇರಲಿಲ್ಲ. ಬಂದವರು ಮೊದಲು ನನ್ನನ್ನೇ ನೋಡಬೇಕು.

ನೋಡಿದರು, ಅದರಲ್ಲಿ ಮೋಸವಿಲ್ಲ. ನಮ್ಮ ಸೀಮೆಯ ಹೆಂಗಸರು ಪಾತ್ರೆ ನೋಡುವುದೇ ಒಂದು ವಿದ್ಯೆ. ಬಿಂದಿಗೆಯನ್ನು ಅಂಗೈಯಲ್ಲಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ನಾದ ಅಡಗುವವರೆಗೂ ಕಿವಿಗೊಡುತ್ತಾರೆ. ಆದರೆ ಮದುವೆಯ ಪಾತ್ರೆಯನ್ನು ಹತ್ತಿದ ಮೊದಲ ಅಂಗಡಿಯಲ್ಲೇ ಕೊಂಡರೆ ಬೀಗರು ನಗುತ್ತಾರಂತೆ. ಹಾಗಾಗಿ, ಪೇಟೆ ಬೀದಿಯಲ್ಲೂ ನೋಡಿಕೊಂಡು ಬರುತ್ತೇವೆಂದು ಇಳಿದು ಹೋಗುವರು. ಅಲ್ಲಿ ಈ ಅಂಗಡಿಯಿಂದ ಆ ಅಂಗಡಿಗೆ ನಾಲ್ಕು ಹೆಜ್ಜೆ. ನನ್ನ ಹತ್ತಿರ ಮರಳಬೇಕಾದರೆ ಬಿಸಿಲಲ್ಲಿ ಊರು ಪೂರ್ತಿ ನಡೆಯಬೇಕು. ಯಾವ ಹಂಡೆಯೂ ಅಷ್ಟು ಚೆಂದವಿರುವುದಿಲ್ಲ.

ನನ್ನ ಹೆಂಡತಿ ನಂಜಮ್ಮ ಕೊನೆಗೊಂದು ಗಡುವು ಕೊಟ್ಟಳು. ಯುಗಾದಿಯೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿಗೆ ಬೀಗ ಹಾಕಿ, ಊರಿಗೆ ಹೋಗಿ, ನನ್ನ ಅಣ್ಣನ ಕೈಕೆಳಗೆ ರಾಗಿ ಹೊಲ ಉಳುವುದು. ನನಗೆ ನೇಗಿಲಿಗಿಂತ ಅಣ್ಣನ ಭಯ ಹೆಚ್ಚು. ಅಷ್ಟರಲ್ಲಿ ದೇವರು ಕಣ್ಣುಬಿಟ್ಟಂತೆ ನಾದಿನಿಯ ಮದುವೆ ಗೊತ್ತಾಯಿತು. ಜಡಿಗೇನಹಳ್ಳಿಯಿಂದ ಅತ್ತೆಯವರು ಗಾಡಿ ಕಟ್ಟಿಸಿಕೊಂಡು ಬಂದರು. ಅಂಗಡಿಯ ಅಷ್ಟೂ ಪಾತ್ರೆ ಬಡಿದರು, ಕಾಫಿ ಕುಡಿದರು, ಆಮೇಲೆ ಸೆರಗು ಕೊಡವಿಕೊಂಡು ಎದ್ದರು.

"ಪ್ಯಾಟೆ ಬೀದೀಲೂ ಒಂದ್ ಕಿತ ನೋಡ್ಕಂಡು ಬತ್ತೀನಿ ಕಣಪ್ಪಾ. ಬ್ಯಾಸರ ಮಾಡ್ಕಬ್ಯಾಡ."

ಸಂಜೆ ಪೇಟೆ ಬೀದಿಯ ರಂಗಯ್ಯಶೆಟ್ಟರ ಅಂಗಡಿಯ ಪಾತ್ರೆಗಳನ್ನು ಗಾಡಿ ತುಂಬ ಹೇರಿಕೊಂಡು ನಮ್ಮ ಮನೆಗೇ ಬಂದಿಳಿದರು. ಅವನ್ನು ಒಳಗಿಟ್ಟವನು ನಾನೇ. ನಂಜಮ್ಮ ಒಂದು ಕೊಳಗವನ್ನು ಬಡಿದು ನೋಡಿ, ನಾದ ಚೆನ್ನಾಗಿದೆ ಎಂದಳು. ನನಗೆ ಅಳು ಬರುವುದೊಂದು ಬಾಕಿ.

ಮಾರನೆಯ ದಿನ, ನನ್ನ ಸರಕನ್ನೆಲ್ಲ ನೀವೇ ಕೊಂಡುಬಿಡಿ ಎಂದು ಕೇಳಲು ಶೆಟ್ಟರ ಬಳಿಗೆ ಹೋದೆ. ಅವರು ಕೊಳ್ಳಲಿಲ್ಲ. ತಮ್ಮ ಪಕ್ಕದ ಬೂಸಾ ಅಂಗಡಿಯವನು ಮಳಿಗೆ ಬಿಡುತ್ತಿದ್ದಾನೆ, ಅಲ್ಲಿಗೆ ಬನ್ನಿ ಎಂದರು. ನಿಮ್ಮ ಗಿರಾಕಿಗಳು ಹಂಚಿಹೋಗುವುದಿಲ್ಲವೇ ಎಂದು ಕೇಳಿದೆ.

"ಎರಡಂಗಡಿ ನೋಡಿ ಮನಸ್ಸು ತುಂಬ್ದಿದ್ರೆ ಜನ ಬೆಂಗಳೂರಿನ ಬಸ್ ಹತ್ತುತಾರೆ. ಮೂರಾದ್ರೆ ಇಲ್ಲೇ ತಗೋತಾರೆ. ನಾನೇನು ಧರ್ಮಕ್ಕೆ ಕರೀತಿಲ್ಲ ಸ್ವಾಮಿ."

ಹೋದೆ. ಶೆಟ್ಟರಲ್ಲಿ ಮನಸ್ಸು ತುಂಬದೆ ಇಳಿದವರು ನನ್ನ ಮೆಟ್ಟಿಲು ಹತ್ತಿದರು, ನನ್ನಲ್ಲಿ ಇಳಿದವರು ಅವರಲ್ಲಿ ಹತ್ತಿದರು. ಅನುಗೊಂಡನಹಳ್ಳಿ ಕಡೆಯ ಗಾಡಿಗಳು ಇಡೀ ಮದುವೆಯನ್ನೇ ನಮ್ಮ ಬೀದಿಯಲ್ಲಿ ಹೇರಿಕೊಂಡು ಹೋಗುತ್ತಿದ್ದವು. ಯುಗಾದಿ ಬಂತು, ನಂಜಮ್ಮ ಗಡುವಿನ ಮಾತೆತ್ತಲಿಲ್ಲ. ತಲೆಯಿಲ್ಲದ್ದೆಂದು ನಾನು ಹೀಗಳೆದಿದ್ದ ಆ ಬೀದಿಯ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿತು. ಬಳೆಯವನ ಪಕ್ಕ ಬಳೆಯವನು, ಕಂಬಳಿಯವನ ಎದುರಿಗೆ ಕಂಬಳಿಯವನು. ಯಾರೂ ಕೂತು ನಕ್ಷೆ ಬರೆದದ್ದಲ್ಲ. ಬೇರೆ ಕಡೆ ಕೂತವರೆಲ್ಲ ನನ್ನ ಹಾಗೆ ಬುದ್ಧಿ ಕಲಿತು ಬಂದು ಸೇರಿ ಆದದ್ದಿರಬೇಕು.

ಕಿರಿಯ ನಾದಿನಿಯ ಮದುವೆಗೆ ಅತ್ತೆಯವರು ಗಾಡಿಯಿಂದ ಇಳಿದವರೇ ನೆಟ್ಟಗೆ ನನ್ನ ಅಂಗಡಿಗೆ ಬಂದರು. ಹಿಂದಿನ ಸಲದ್ದು ಮನಸ್ಸಿನಲ್ಲಿತ್ತೆಂದು ತೋರುತ್ತದೆ. ಬೀಗರು ನಕ್ಕರೆ ನಗಲಿ, ಈ ಸಲ ಬೇರೆ ಅಂಗಡಿ ಹತ್ತುವುದಿಲ್ಲ, ಎಲ್ಲ ನಿನ್ನ ಹತ್ತಿರವೇ ಎಂದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಪೇಟೆ ಬೀದಿಯ ವ್ಯಾಪಾರಿಯ ಗತ್ತು ಆಗಲೇ ನೆತ್ತಿಗೇರಿತ್ತು.

"ಹಂಗೆಲ್ಲ ಬೇಡಿ ಅತ್ತೆ," ಎಂದೆ. "ಶೆಟ್ಟರ ಅಂಗಡೀಲೂ ಒಂದ್ಸಲ ನೋಡ್ಕೊಂಡು ಬನ್ನಿ."

ಅತ್ತೆಯವರ ಮುಖ ಅರಳಿತು. ಹೋಗಿ ನೋಡಿದರು. ಸಂಜೆ ಶೆಟ್ಟರ ಹಂಡೆಗಳನ್ನು ಗಾಡಿಗೆ ಏರಿಸುವಾಗ ಒಂದು ಕಡೆ ಶೆಟ್ಟರು ಹಿಡಿದರು, ಇನ್ನೊಂದು ಕಡೆ ನಾನು ಹಿಡಿದೆ. ಪಕ್ಕದ ಅಂಗಡಿಯಾದ್ದರಿಂದ ಹೆಚ್ಚು ದೂರ ನಡೆಯಬೇಕಾಗಲಿಲ್ಲ.